ಕಡಗೋಲಿನ ಬೆಣೆ

ಅಪ್ಪಾ,

ಕಡಗೋಲಿನ ಎಸಳು ಮುರಿದು ಮೊಸರಿಗೆ ಬಿದ್ದ ಹಾಗೆ ಮತ್ತೆ ಕನಸು ಬಿತ್ತು. ಅಮ್ಮ ಈ ಮನೆಗೆ ಬಂದ ವರ್ಷ ನೀನು ಒಂದೇ ಮರದ ತುಂಡಿನಲ್ಲಿ ಎಂಟು ಎಸಳು ಬಿಡಿಸಿ ಕೆತ್ತಿದ ಕಡಗೋಲು. ಒಂಬತ್ತನೇ ವಯಸ್ಸಿನಲ್ಲಿ ಅದನ್ನು ಕೆಡವಿ ಎಸಳು ಮುರಿದವಳು ನಾನು. ಶಾಲೆಗೆಂದು ನೀನು ಕೊಡಿಸಿದ್ದ ಗೋಂದು ಹಚ್ಚಿ, ಯಾರಿಗೂ ಹೇಳದೆ ಗೂಟಕ್ಕೆ ತೂಗುಹಾಕಿದ್ದೆ.

ಇವತ್ತು ಹಳೇ ಸಾಮಾನಿನ ವ್ಯಾಪಾರಿ ಬಂದಿದ್ದ. "ಒಂದೇ ಮರದ್ದು, ಎಲ್ಲೂ ಜೋಡಣೆ ಇಲ್ಲ" ಅಂತ ಕಡಗೋಲು ತೋರಿಸಿ, ಗೋಂದಿನ ವಿಷಯ ಮುಚ್ಚಿಟ್ಟು ಜಂಭ ಕೊಚ್ಚಿದೆ. ಅವನು ಉಗುರಿನಿಂದ ಕೆರೆದು ನೋಡಿದ.

"ಇಲ್ಲಿ ಮರದ ಬೆಣೆ ಹೊಡ್ದಿದಾರಲ್ಲಕ್ಕಾ. ಪಳಗಿದ ಕೈ, ಕಣ್ಣಿಗೇ ಕಾಣಲ್ಲ."

ನೀರಿಗೆ ಕರಗುವ ಗೋಂದು ಮಜ್ಜಿಗೆಯಲ್ಲಿ ನಲವತ್ತು ವರ್ಷ ನಿಲ್ಲುತ್ತದೆಯೇ, ನನಗಾದರೂ ಬುದ್ಧಿ ಬೇಡವೇ. ಅಮ್ಮ ಮೊಸರು ಕಡೆಯುವಾಗಲೆಲ್ಲ, ಎಸಳು ಈಗ ಕಳಚೀತು ಅಂತ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದೆ. ನೀನೇ ಬೆಣೆ ಹೊಡೆದು, ಗೊತ್ತಿದ್ದೂ ಸುಮ್ಮನಿದ್ದೆಯಲ್ಲ, ಒಂದು ಮಾತು ಬೈದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಒಪ್ಪಿಕೊಂಡು ಹಗುರಾಗುತ್ತಿದ್ದೆ. ನೀನು ಹೋಗಿ ಆರು ವರ್ಷವಾಯಿತು, ಈಗ ಯಾರ ಮುಂದೆ ಒಪ್ಪಿಕೊಳ್ಳಲಿ?

ವ್ಯಾಪಾರಿಯನ್ನು ಬರಿಗೈಯಲ್ಲಿ ಕಳಿಸಿದೆ. ಅವನು ಕೆರೆದ ಮೇಲೆ ಆ ಎಸಳು ಅಲ್ಲಾಡಿದಂತೆ ಕಾಣುತ್ತಿದೆ. ಇನ್ನೊಂದು ಸಲ ನೋಡಪ್ಪಾ, ಬೆಣೆ ಸಡಿಲವಾಗಿದೆಯೇನೋ. ಈ ಸಲ ನಾನು ಗೋಂದು ಹಚ್ಚುವುದಿಲ್ಲ.