ಹುರಿ ಹಿಡಿದು ಇಟ್ಟ ಚುಕ್ಕಿ

ವಿ.ಸಿ. ಫಾರಂ, ಮಂಡ್ಯ
7-11-1947

ಸೌಭಾಗ್ಯವತಿ ದೇವಿರಮ್ಮನಿಗೆ ನಿನ್ನ ಯಜಮಾನ ನಾಗಯ್ಯ ಹರಸಿ ಬರೆಯುವುದೇನೆಂದರೆ, ನಾನು ಇಲ್ಲಿ ಊಟ ನಿದ್ದೆಗೆ ಕೊರತೆಯಿಲ್ಲದೆ ಇದ್ದೇನೆ. ಪೂರಿಗಾಲಿಯ ತವರಿನಲ್ಲಿ ನಿನಗೂ ಊಟ ಸೇರುತ್ತಿದೆಯೆಂದು ತಿಳಿದರೆ ನನಗೆ ಸಮಾಧಾನ.

ನಿನಗೆ ಓದು ಬಾರದು, ಇದನ್ನು ಓದಿ ಹೇಳುವವರು ನಿಮ್ಮಣ್ಣ. ಬಾವ, ನನ್ನ ಅಕ್ಷರ ಸೊಟ್ಟಗಿದ್ದರೂ ಒಂದು ಮಾತೂ ಬಿಡದೆ ಓದಿ. ನಿಮಗೆ ಮುಜುಗರವಾಗುವ ಕಡೆ ಬೇಕಾದರೆ ಬೇಗ ಬೇಗ ಓದಿ.

ಬಾವ ಬರೆದ ಕಾಗದ ಸೇರಿತು. ನಮ್ಮ ಕೂಸು ತೀರಿಹೋದ ಮೇಲೆ ನೀನು ಯಾರೊಡನೆಯೂ ಮಾತಾಡುತ್ತಿಲ್ಲವಂತೆ, ಫಾರಂ ಮನೆಯ ಹೆಸರೆತ್ತಿದರೆ ಎದ್ದು ಹೋಗುತ್ತೀಯಂತೆ. ಹೀಗೇ ಆದರೆ ದೀಪಾವಳಿ ಕಳೆದ ಮೇಲೆ ಹಿರಿಯರನ್ನು ಕೂರಿಸಿ ಸಂಬಂಧ ಬಿಡಿಸಿಬಿಡೋಣವೇ ಎಂದು ಕೇಳಿದ್ದಾರೆ. ಅಣ್ಣನಾದವರು ಕೇಳುವುದು ನ್ಯಾಯವೇ. ಆದರೆ ನಿನ್ನಿಂದಲೇ ತಿಳಿಯದೆ ನಾನು ಹೂಂ ಅನ್ನುವವನಲ್ಲ. ಓದಿದ ಕೂಡಲೇ ಕಾಗದ ಹರಿದು ಹಾಕಬೇಕೆನಿಸಿತು. ಹರಿಯಲಿಲ್ಲ. ಹಿತ್ತಿಲಿಗೆ ಹೋಗಿ ಹೀರೆಬಳ್ಳಿಯ ಹತ್ತಿರ ಕೂತೆ.

ನೀನು ನೆಟ್ಟುಹೋದ ಹೀರೆ ಸೂರಿಗೆ ಹತ್ತಿದೆ. ಹೊಲದಲ್ಲೇ ಹುಟ್ಟಿ ಬೆಳೆದ ನಾನು ಅದರ ಕಾಯಿ ನೋಡಿದ್ದೆನೇ ಹೊರತು, ಹೂ ಸಂಜೆ ಹೊತ್ತಿಗೆ ಅರಳುತ್ತದೆಂದು ನೋಡಿಯೇ ಇರಲಿಲ್ಲ. ಕೆಲಸದಿಂದ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಹಳದಿ ಹೂ ಬಿಚ್ಚಿಕೊಂಡಿರುತ್ತದೆ, ದುಂಬಿ ಬಂದು ಸುತ್ತುತ್ತಿರುತ್ತದೆ. ನೋಡುತ್ತ ಕೂತರೆ ಒಲೆ ಹಚ್ಚುವುದೂ ಮರೆಯುತ್ತದೆ. ದಿನಾ ಸಂಜೆ ನೀನು ಹಿತ್ತಿಲಲ್ಲಿ ಏನು ಮಾಡುತ್ತಿದ್ದೆ ಎಂಬುದು ನನಗೆ ಈಗ ಗೊತ್ತಾಯಿತು.

ಇನ್ನು ಬಾಗಿಲಿನ ಸಂಗತಿ. ಸೂತಕ ಕಳೆದ ಮೇಲೂ ನಮ್ಮ ಹೊಸಲ ಮುಂದೆ ರಂಗೋಲಿ ಬಿದ್ದಿರಲಿಲ್ಲ. ಪಕ್ಕದ ಮನೆಯ ಸಣ್ಣತಾಯಮ್ಮ ಒಂದು ದಿನ, "ಎಷ್ಟ್ ದಿನ್ವಪ್ಪ ಇಂಗೆ? ಬಾಗ್ಲು ಬಿಕೋ ಅಂತದೆ. ನಾನೇ ಒಂದೆಳೆ ಎಳೆದುಬುಡ್ಲಾ?" ಎಂದು ಕೇಳಿದರು. ನಿನ್ನ ಜಾಗದಲ್ಲಿ ಬೇರೆಯವರ ಕೈ ಆಡುವುದು ನನಗೆ ಹಿಡಿಸಲಿಲ್ಲ. ನಾನೇ ಹಾಕುತ್ತೇನೆಂದುಬಿಟ್ಟೆ.

ನಗಬೇಡ. ಚುಕ್ಕಿ ಎಲ್ಲಿ ಸಾಲು ತಪ್ಪುತ್ತದೋ ಎಂದು, ಕಬ್ಬಿನ ಸಾಲಿಗೆ ಹಿಡಿಯುವ ಹುರಿಯನ್ನೇ ತಂದು, ಗೂಟ ಹೊಡೆದು, ಬಾಗಿಲ ಮುಂದೆ ಬಿಗಿದೆ. ಚುಕ್ಕಿಯೇನೋ ನೆಟ್ಟಗೆ ಬಂತು. ಗೆರೆ ಮಾತ್ರ ಒಂದನ್ನೊಂದು ಸೇರದೆ ದಿಕ್ಕಿಗೊಂದು ಹೋಯಿತು. ಕೆಲಸಕ್ಕೆ ಹೊರಟಿದ್ದ ಚಿಕ್ಕಮಾದು ನಿಂತು ನೋಡಿ, "ಏನ್ಲಾ ನಾಗ, ಬಾಗ್ಲಲ್ಲೂ ಕಬ್ಬು ನೆಡ್ತಾ ಇದ್ದೀಯಾ? ನೀರ್ ಯಾವಾಗ ಬುಡ್ತೀಯ್ಲಾ?" ಅಂದ. ನಮ್ಮ ಲೈನಿನ ಮನೆಯವರೆಲ್ಲ ಹೊರಗೆ ಬಂದು ನಕ್ಕರು. ನಾನೂ ನಕ್ಕೆ. ಕೂಸು ಹೋದ ಮೇಲೆ ಆ ಬಾಗಿಲಲ್ಲಿ ನಗು ಕೇಳಿದ್ದು ಅದೇ ಮೊದಲು. ಆಮೇಲೆ ಒಳಗೆ ಹೋಗಿ ಚೆನ್ನಾಗಿ ಅತ್ತೆ. ಬಾವ, ಇದನ್ನೂ ಬಿಡದೆ ಓದಿ.

ಅಂದಿನಿಂದ ದಿನಾ ಹಾಕುತ್ತಿದ್ದೇನೆ. ಈಗ ಒಂದು ಬಳ್ಳಿ ಬರುತ್ತದೆ, ಎಲೆ ಎಡಗಡೆಗೆ ಮಾತ್ರ. ನೀರು ಚಿಮುಕಿಸಿದ ನೆಲದ ಮೇಲೆ ಬೆರಳ ಸಂದಿಯಿಂದ ಪುಡಿ ಇಳಿಯುವಾಗ ನನಗೆ ಬಹಳ ಸುಖವಾಗುತ್ತದೆ. ಸುಖಪಟ್ಟರೆ ಕೂಸಿಗೆ ಮೋಸ ಮಾಡಿದಂತೆ ಎಂದು ಮೊದಮೊದಲು ಅನಿಸುತ್ತಿತ್ತು. ಈಗ ಅನಿಸುವುದಿಲ್ಲ. ನೀನೂ ಹಾಗೆಂದುಕೊಂಡೇ ಅಲ್ಲಿ ಕೂತಿದ್ದರೆ, ದೇವೀ, ಬಂದುಬಿಡು. ಅಳು ಬಂದರೆ ಇಬ್ಬರೂ ಅಳೋಣ. ಮನೆಯೊಳಗೆ ಕಾಲಿಡಲು ಆಗದಿದ್ದರೆ ಸ್ವಲ್ಪ ದಿನ ಹಿತ್ತಿಲಲ್ಲೇ ಒಲೆ ಹೂಡಿಕೊಳ್ಳೋಣ.

ಅತ್ತೆ ಮಾವನವರಿಗೆ ನನ್ನ ನಮಸ್ಕಾರ.

ಇಂತಿ ನಿನ್ನ ದಾರಿ ನೋಡುತ್ತಿರುವ,
ನಾಗಯ್ಯ

ಮರೆತ ಮಾತು: ಬಾವ, ಇಷ್ಟನ್ನೂ ಓದಿ ಹೇಳಿ, ಕಾಗದವನ್ನು ಒಂದು ಸೀಸದಕಡ್ಡಿಯ ಜೊತೆ ಅವಳ ಕೈಗೆ ಕೊಟ್ಟು ನೀವು ಆಚೆ ಹೋಗಿ. ದೇವೀ, ಕಾಗದದ ಹಿಂಬದಿಯಲ್ಲಿ ಚುಕ್ಕಿ ಇಟ್ಟಿದ್ದೇನೆ. ಬರುವುದಾದರೆ ಗೆರೆ ಎಳೆದು ಕಳಿಸು, ಮಳವಳ್ಳಿಯಲ್ಲಿ ಬಸ್ಸಿನ ಹತ್ತಿರ ಬಂದು ನಿಂತಿರುತ್ತೇನೆ. ಬರುವುದಿಲ್ಲವಾದರೆ ಹಾಗೇ ಕಳಿಸು, ಹಿರಿಯರ ಮುಂದೆ ಎದುರಾಡುವುದಿಲ್ಲ. ನಡುವಿನ ಸಾಲಿನಲ್ಲಿ ಒಂದು ಚುಕ್ಕಿಯನ್ನು ಬೇಕೆಂದೇ ತಪ್ಪು ಜಾಗದಲ್ಲಿ ಇಟ್ಟಿದ್ದೇನೆ. ಅದನ್ನು ನೋಡಿಯೂ ತಿದ್ದದೆ ಕೂರುವುದು ನಿನ್ನಿಂದಾಗುವುದಿಲ್ಲ ಎಂಬುದೊಂದೇ ನನಗಿರುವ ಧೈರ್ಯ.