ಎದೆಯಲ್ಲಿ ಹಿಟ್ಟು

ಎಲ್ ಸೌಸಾಲ್, ಕ್ಯಾಲಿಫೋರ್ನಿಯಾ
೩ ಅಕ್ಟೋಬರ್ ೨೦೧೯

ಪ್ರೀತಿಯ ನೆರೈದಾ,

೨೦೧೭ರ ಮಾರ್ಚ್ ಹದಿನಾಲ್ಕರಂದು ನಮ್ಮೂರಿನ ಚಿಕಿತ್ಸಾಲಯ ನಿನ್ನ ಅಮ್ಮನಿಗೆ ಒಂದು ಕಾಗದ ಕಳಿಸಿತು. ಆಕೆ ತಿರುಗಿ ಬರಲಿಲ್ಲವಲ್ಲ ಎಂದು ಹನ್ನೊಂದು ತಿಂಗಳು ಯಾರೂ ಒಂದು ಫೋನ್ ಮಾಡಲಿಲ್ಲ. ಈಗ ಅವರೇ ನಿನ್ನ ಅಮ್ಮ ಒಟಿಲಿಯಾಳ ಫೋಟೊ ಹಾಕಿ ಗುಲಾಬಿ ಪೋಸ್ಟರ್ ಅಂಟಿಸಿದ್ದಾರೆ: ‘ನಾಚಿಕೆಯಿಂದ ತಡಮಾಡಿದಳು. ನೀವು ತಡಮಾಡಬೇಡಿ.’ ಲಾಂಡ್ರಿಯ ಬಾಗಿಲಲ್ಲಿ ಅದನ್ನು ನೋಡಿ, ಬಟ್ಟೆ ಒಗೆಯದೆ ಚೀಲ ಹೊತ್ತು ಮನೆಗೆ ಬಂದೆ.

ಫೋಟೊ ಕೊಟ್ಟವಳು ನೀನು. ನಾಲ್ಕು ಹೆಂಗಸರಿಗೆ ಉಪಯೋಗವಾಗಲಿ ಎಂದು ಕೊಟ್ಟೆ. ನಿನ್ನ ಮೇಲೆ ಕೋಪವಿಲ್ಲ. ಆದರೆ ಅಮ್ಮ ಏಕೆ ತಡಮಾಡಿದಳೆಂದು ನಿನಗೆ ಗೊತ್ತಿಲ್ಲ. ಮಗಳಿಗೆ ಹೇಳಕೂಡದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ಇಂದು ಆ ಮಾತು ಮುರಿಯುತ್ತಿದ್ದೇನೆ.

ಕಾಗದ ಸ್ಪ್ಯಾನಿಷ್‌ನಲ್ಲೇ ಇತ್ತು: ‘ಬಲ ಸ್ತನದಲ್ಲಿ ಮಾಸಾ ಕಂಡುಬಂದಿದೆ. ಮತ್ತೆ ಚಿತ್ರ ತೆಗೆಯಬೇಕು, ಬನ್ನಿ.’ ವೈದ್ಯರ ಪುಸ್ತಕದಲ್ಲಿ ಮಾಸಾ ಎಂದರೆ ಗಡ್ಡೆ. ನಮ್ಮ ಬೀದಿಯಲ್ಲಿ ಮಾಸಾ ಎಂದರೆ ನಾದಿದ ಮೆಕ್ಕೆಜೋಳದ ಹಿಟ್ಟು. ಇಪ್ಪತ್ತಾರು ವರ್ಷ ಆ ಹಿಟ್ಟಿನಿಂದ ತಮಾಲೆ ಕಡುಬು ಮಾಡಿ ಮಾರಿದವಳಿಗೆ ಆ ಪದಕ್ಕೆ ಬೇರೆ ಅರ್ಥ ಎಲ್ಲಿಂದ ಬರಬೇಕು?

ಪರೀಕ್ಷೆಯ ದಿನ ಮೈಗೆ ಪೌಡರ್ ಹಾಕಬಾರದು, ಚಿತ್ರದಲ್ಲಿ ಬಿಳಿ ಚುಕ್ಕೆ ಬೀಳುತ್ತದೆ ಎಂದು ನರ್ಸ್ ಮೊದಲೇ ಎಚ್ಚರಿಸಿದ್ದಳು. ನಿನ್ನ ಅಮ್ಮ ಹಿಟ್ಟು ನಾದುತ್ತಿದ್ದವಳು ಅರ್ಧಕ್ಕೇ ಎದ್ದು ಹೋಗಿದ್ದಳು. ಕಾಗದ ಓದಿದಾಗ ಅವಳಿಗೆ ಹೊಳೆದದ್ದು ಒಂದೇ: ರವಿಕೆಯೊಳಗೆ ಹಿಟ್ಟು ಮೆತ್ತಿಕೊಂಡಿತ್ತು, ಚಿತ್ರ ಕೆಟ್ಟಿತು. ಪಕ್ಕದ ಮನೆಯ ಚೆಲಾ ಬಿದ್ದು ಬಿದ್ದು ನಕ್ಕಳಂತೆ. “ಮುಂದಿನ್ಸಲ ಒಂದಿಷ್ಟು ಖಾರಾನೂ ಹಚ್ಕೊಂಡ್ ಹೋಗೇ, ಡಾಕ್ಟ್ರು ಅಲ್ಲೇ ಊಟ ಮುಗಿಸ್ಲಿ” ಎಂದಳಂತೆ. ಒಟಿಲಿಯಾಳೂ ನಕ್ಕಳು. ನಕ್ಕು ಕಾಗದವನ್ನು ಹಿಟ್ಟಿನ ಡಬ್ಬಿಯ ಕೆಳಗೆ ತಳ್ಳಿದಳು. ನನಗೆ ತೋರಿಸಲೇ ಇಲ್ಲ, ಟೀಚರು ಬೈಯುತ್ತಾಳೆಂದು.

ನಾಚಿಕೆಯಾಗಿದ್ದು ನಿಜ. ಎದೆ ತೋರಿಸುವ ನಾಚಿಕೆಯಲ್ಲ. ಮೈ ತೊಳೆಯದೆ ಬಂದವಳು ಎಂದು ಕಾಗದದಲ್ಲಿ ಬರೆಸಿಕೊಂಡ ನಾಚಿಕೆ. ಮರುವರ್ಷ ಫೆಬ್ರವರಿಯಲ್ಲಿ ಗಡ್ಡೆ ಕೈಗೇ ಸಿಕ್ಕಿತು. ತೀರಿಕೊಳ್ಳುವ ಮುಂಚಿನ ವಾರ ನನಗೆ ಇದೆಲ್ಲ ಹೇಳಿ, ನನ್ನ ಬೆರಳು ಹಿಡಿದುಕೊಂಡಳು. ನಾನು ನಿನ್ನ ಜ್ಞಾನತಾಯಿಯೆಂದು ನನ್ನನ್ನು ಕೊಮಾದ್ರೆ ಎಂದೇ ಕರೆಯುತ್ತಿದ್ದಳಲ್ಲ. “ಕೊಮಾದ್ರೆ, ಅದು ತೊಳೆದ್ರೆ ಹೋಗೋ ಹಿಟ್ಟಲ್ವಂತೆ. ಮೊದ್ಲೇ ಯಾರಾದ್ರೂ ಹೇಳ್ಬಾರ್ದಿತ್ತಾ?” ನಾನು ದಿಂಬು ಸರಿಮಾಡಿದೆ.

ಮೂವತ್ತೊಂದು ವರ್ಷದಿಂದ ಈ ಊರನ್ನು ನೋಡುತ್ತಿದ್ದೇನೆ. ತೋಟದ ಔಷಧಿ ಬಾವಿಗೆ ಇಳಿದಾಗ, ನೀರು ಕುಡಿದ ನಿಮ್ಮದೇ ತಪ್ಪು ಎಂದರು. ಮಕ್ಕಳು ಶಾಲೆಯಲ್ಲಿ ಹಿಂದೆ ಬಿದ್ದಾಗ, ಮನೆಯಲ್ಲಿ ಇಂಗ್ಲಿಷ್ ಮಾತಾಡದ್ದು ತಪ್ಪು ಎಂದರು. ಈಗ ನಾಚಿಕೆ ತಪ್ಪಂತೆ. ಕಳೆದ ವಾರ ಚೆಲಾಳ ಸೊಸೆಗೂ ಕಾಗದ ಬಂತು. ಅದೇ ಕಾಗದ, ಅದೇ ಮಾಸಾ. ಈ ಸಲ ಚೆಲಾ ನಗಲಿಲ್ಲ. ಆ ಹುಡುಗಿಯನ್ನು ಅಂದೇ ನಾನು ಕರೆದುಕೊಂಡು ಹೋದೆ.

ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಹಾಲ್‌ನಲ್ಲಿ ಅವರ ಜಾಗೃತಿ ಸಭೆ. ಮೈಕು ನಿನ್ನ ಕೈಯಲ್ಲಿರುತ್ತದೆ. ಚಿಕಿತ್ಸಾಲಯದ ನಿರ್ದೇಶಕರನ್ನು ಎಲ್ಲರೆದುರು ಕೇಳು: ಹನ್ನೊಂದು ತಿಂಗಳು ಏಕೆ ಫೋನ್ ಮಾಡಲಿಲ್ಲ? ಆ ಪದ ಇಂದಿಗೂ ಕಾಗದದಲ್ಲಿ ಏಕೆ ಹೋಗುತ್ತಿದೆ? ಪೋಸ್ಟರಿನ ಆ ಸಾಲು ಯಾವಾಗ ಅಳಿಸುತ್ತೀರಿ? ಉತ್ತರವನ್ನು ನಮ್ಮ ಅಡುಗೆಮನೆಯ ಮಾತಿನಲ್ಲಿ ಕೊಡಲಿ.

ಜ್ಞಾನಸ್ನಾನದ ದಿನ ನಿನ್ನನ್ನು ಎತ್ತಿಕೊಂಡವಳು,
ಹೆರ್ಮಿನಿಯಾ

ತಾ.ಕ.: ಚಿಕಿತ್ಸಾಲಯ ಎಲ್ಲರಿಗೂ ಕಳಿಸುವ ಆ ಕಾಗದದ ಮಾದರಿಯನ್ನು ಇಂಗ್ಲಿಷಿನಿಂದ ಸ್ಪ್ಯಾನಿಷ್‌ಗೆ ಮಾಡಿಕೊಟ್ಟವಳು ನಾನು. ೨೦೧೧ರಲ್ಲಿ, ಶಾಲೆಯಿಂದ ನಿವೃತ್ತಳಾದ ವರ್ಷ, ದೊಡ್ಡ ನಿಘಂಟು ಪಕ್ಕದಲ್ಲಿಟ್ಟುಕೊಂಡು. ‘ಬೋಲಿತಾ’, ಸಣ್ಣ ಉಂಡೆ, ಎಂದು ಬರೆದಿದ್ದರೆ ನಿನ್ನ ಅಮ್ಮ ಅಂದೇ ಓಡುತ್ತಿದ್ದಳು. ಬೀದಿಯ ಮಾತೆಂದು ಅದನ್ನು ಹೊಡೆದುಹಾಕಿದೆ. ಅವಳಿಗೆ ಇದನ್ನು ಹೇಳಲಾಗಲಿಲ್ಲ. ಭಾನುವಾರ ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ. ಮೊದಲ ಪ್ರಶ್ನೆ ನನಗೆ ಕೇಳು, ಮೈಕಿನಲ್ಲೇ ಕೇಳು.