ಏರಿನಲ್ಲಿ ಉಸಿರು ಕಟ್ಟುವ ಗಾಡಿ

ಶೆಡ್ಡಿನ ಮೆಟ್ಟಿಲ ಮೇಲಿಂದ,
ಭಾನುವಾರ, ಹನ್ನೆರಡನೇ ತಾರೀಖು, ಬೆಳಿಗ್ಗೆ ಹತ್ತು ಗಂಟೆ.

ನನ್ನ ಮೊಟ್ಟಮೊದಲ ಪ್ರೇಕ್ಷಕಿಯಾದ ಅಕ್ಕನಿಗೆ ತಮ್ಮನ ನಮಸ್ಕಾರಗಳು.

ಹೇಗಿದ್ದೀ ಅಕ್ಕಾ? ದಿನವಿಡೀ ಮೈಕ್ರೋಸ್ಕೋಪಿನ ಮೇಲೆ ಬಗ್ಗಿ ಕತ್ತು ಹಿಡಿದುಕೊಳ್ಳುತ್ತದೆ ಎನ್ನುತ್ತಿದ್ದೆಯಲ್ಲ, ಈಗ ವಾಸಿಯೇ? ಆಸ್ಪತ್ರೆಯವರು ನಿನ್ನ ಲ್ಯಾಬಿನ ಕಿಟಕಿಗೆ ಗಾಜು ಹಾಕಿಸಿದರೋ, ಇನ್ನೂ ರಟ್ಟೇ ಇದೆಯೋ? ಇಲ್ಲಿ ಎಲ್ಲರೂ ಸೌಖ್ಯ. ಅಪ್ಪನ ಸಕ್ಕರೆ ಹತೋಟಿಯಲ್ಲಿದೆ, ನಾಲಿಗೆ ಇಲ್ಲ. ಅಮ್ಮ ನಿನ್ನ ಕೋಣೆಗೆ ಹೊಲಿಗೆ ಮೆಷಿನ್ನು ತಂದಿಟ್ಟಿದ್ದಾಳೆ, ಆದರೆ ನಿನ್ನ ಮಂಚವನ್ನು ಒಂದಿಂಚು ಸರಿಸಲೂ ಬಿಡುವುದಿಲ್ಲ. ಮಂಚಕ್ಕೂ ಮೆಷಿನ್ನಿಗೂ ನಡುವೆ ಏಡಿಯ ಹಾಗೆ ಅಡ್ಡಡ್ಡ ನಡೆದು ಹೋಗಿ ಕೂರುತ್ತಾಳೆ. ನಾಟಕ ತಂಡದಲ್ಲಿ ನನ್ನ ಕೆಲಸ ಹಳೆಯದೇ, ಸಾಮಾನು ಸರಂಜಾಮಿನದು. ಹೊಸ ಆಟದಲ್ಲಿ ಮೂರು ಕೊಲೆಗಳಿವೆ. ಮೂರಕ್ಕೂ ರಕ್ತ ಒದಗಿಸುವವನು ನಾನೇ. ಫೋನು ಮಾಡಬಹುದಿತ್ತಲ್ಲ ಎಂದು ನೀನು ಕೇಳುವೆ. ನೀನು ಎತ್ತುವುದಿಲ್ಲ, ಅದು ಒಂದು. ಎತ್ತಿದರೂ ನಾನು ನಟಿಸಿಬಿಡುತ್ತೇನೆ, ಅದು ಇನ್ನೊಂದು. ಪರದೆಯ ಸಂದಿಯಲ್ಲಿ ಬೆಳೆದವನ ಕೈಗೆ ಫೋನು ಕೊಟ್ಟರೆ ಅದು ಮೈಕಾಗುತ್ತದೆ. ಕಾಗದಕ್ಕೆ ಗಂಟಲಿಲ್ಲ. ಆದ್ದರಿಂದ ಕಾಗದ.

ವಿಷಯ ಗಾಡಿಯದು. ಹೌದು, ಅದೇ ಗಾಡಿ; ಹದಿನೇಳು ವರ್ಷದ, ಹಿಂದಿನ ಎಡಬಾಗಿಲು ಒಳಗಿನಿಂದ ತೆರೆಯದ, ಬೂದು ಬಣ್ಣದ ನಮ್ಮ ಡೀಸೆಲ್ ಗಾಡಿ. ಎರಡು ವರ್ಷ ನಾಲ್ಕು ತಿಂಗಳ ಹಿಂದಿನ ಆ ಸಂಜೆಯನ್ನು ಮತ್ತೊಮ್ಮೆ ರಂಗಕ್ಕೆ ತರಲು ಅಪ್ಪಣೆ ಕೊಡು. ಆರು ವರ್ಷದ ಮೇಲೆ ಅಪ್ಪ ಮತ್ತೆ ಬಣ್ಣ ಹಚ್ಚಿದ್ದರು. ಬೆಟ್ಟದ ಮೇಲಿನ ಸಭಾಂಗಣದಲ್ಲಿ ಆರೂವರೆಗೆ ಆಟ, ಮುದಿ ರಾಜನ ಪಾತ್ರ. ಮೇಲಿನ ಆಸ್ಪತ್ರೆಯ ಕೆಲಸಕ್ಕೆಂದು ಆ ದಾರಿಯನ್ನು ದಿನವೂ ಹತ್ತಿ ಇಳಿಯುತ್ತಿದ್ದವಳು ನೀನೊಬ್ಬಳೇ, ಹಾಗಾಗಿ ಸ್ಟಿಯರಿಂಗು ನಿನ್ನ ಕೈಯಲ್ಲಿ. ಪಕ್ಕದಲ್ಲಿ ನಾನು. ಹಿಂದಿನ ಸೀಟಿನಲ್ಲಿ ಗಡ್ಡ ಅಂಟಿಸಿಕೊಂಡು, ಕಿರೀಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಸಾಕ್ಷಾತ್ ಮಹಾರಾಜರು. ಏಳನೇ ತಿರುವಿನಲ್ಲಿ ಗಾಡಿಯ ಉಸಿರು ಹೋಯಿತು. ನೀನು ಪೆಡಲನ್ನು ನೆಲಮುಟ್ಟ ಒತ್ತಿದೆ. ಹಿಂದೆ ಕರಿಹೊಗೆ, ಮುಂದೆ ಆಮೆಯ ನಡಿಗೆ. ಸೈಕಲ್ ತಳ್ಳಿಕೊಂಡು ಹತ್ತುತ್ತಿದ್ದವನೊಬ್ಬ ನಮ್ಮನ್ನು ದಾಟಿ, ತಿರುಗಿ ನೋಡಿ, ಗಡ್ಡದ ರಾಜರಿಗೆ ಕೈ ಬೀಸಿ ಹೋದ. ನಾನು ಇಳಿದು ಬಾನೆಟ್ ಎತ್ತಿದೆ. “ಏನೂ ಕಾಣ್ತಿಲ್ಲ” ಎಂದು ಮುಚ್ಚಿದೆ. ನಾವು ತಲುಪಿದಾಗ ಏಳೂಮುಕ್ಕಾಲು. ಒಳಗೆ ಬೇರೊಬ್ಬರು ಪುಸ್ತಕ ಹಿಡಿದುಕೊಂಡು ಅಪ್ಪನ ಪಾತ್ರವನ್ನು ಓದುತ್ತಿದ್ದರು. ಅಪ್ಪ ಗಡ್ಡ ಕಿತ್ತು ಡಬ್ಬಿಗೆ ಹಾಕಿದರು. ಆಮೇಲೆ ಅವರು ರಂಗ ಹತ್ತಲೇ ಇಲ್ಲ. ಆವತ್ತು ಸಭಾಂಗಣದ ಹೊರಗೆ ಅವರು ಆಡಿದ ಮಾತು ನಿನಗೂ ನೆನಪಿದೆ, ನನಗೂ ಇದೆ: “ಗಾಡಿಗೂ ಗೊತ್ತಾಗುತ್ತೆ ಕಣೇ, ಯಾರ ಕೈಲಿದೀನಿ ಅಂತ. ನಿನ್ನ ತಮ್ಮ ಓಡಿಸಿದ್ರೆ ಕುದುರೆ ಥರ ಹೋಗುತ್ತಲ್ಲ, ಅದು ಹೇಗೆ?”

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಯಾರೂ ಹುಡುಕಲಿಲ್ಲ, ಅಷ್ಟೇ. ಅದಕ್ಕೂ ಒಂದು ತಿಂಗಳ ಮುಂಚಿನಿಂದ ನೀನು ಹೇಳುತ್ತಲೇ ಇದ್ದೆ, “ಏರಲ್ಲಿ ಇದಕ್ಕೆ ಉಸಿರು ಕಟ್ಟುತ್ತೆ ಕಣೋ” ಎಂದು. ನಾನು ಕೀ ತೆಗೆದುಕೊಂಡು ತಾಲೀಮಿನ ಮನೆಯವರೆಗೆ ಹೋಗಿ ಬಂದು, “ಬೆಣ್ಣೆ ಇದ್ದ ಹಾಗಿದೆ” ಎನ್ನುತ್ತಿದ್ದೆ. ಹತ್ತು ನಿಮಿಷದ ದಾರಿ, ಸಮತಟ್ಟು. ಆಟ ತಪ್ಪಿದ ಮರುದಿನ ಕೀ ಗೋಡೆಯ ಮೊಳೆಯಿಂದ ಅಪ್ಪನ ಜೇಬಿಗೆ ವಲಸೆ ಹೋಯಿತು. ಬೆಳಗಿನ ಏಳರ ಪಾಳಿಗೆ ಮುಟ್ಟಿಸುವ ಬಸ್ಸು ಇರಲಿಲ್ಲ. ನಾಲ್ಕನೆಯ ದಿನ ನೀನು ಆಸ್ಪತ್ರೆಯ ಹಿಂದೆ ಕೋಣೆ ಹಿಡಿದೆ. ಅಂದಿನಿಂದ ಈ ಮನೆಯ ಹೊಸ್ತಿಲು ತುಳಿದಿಲ್ಲ.

ಈಗ ಎರಡನೇ ಅಂಕ. ಹೋದ ತಿಂಗಳು ಅಪ್ಪ ಗಾಡಿಯನ್ನು ಮಾರಿಬಿಡೋಣ ಎಂದರು. ಕೊಳ್ಳಲು ಬಂದವರು ಮೂವತ್ತು ವರ್ಷ ಲಾರಿ ಓಡಿಸಿದ ಮನುಷ್ಯ. ಒಂದೊಂದು ಪಾದವೂ ಇಟ್ಟಿಗೆಯಷ್ಟು. “ಏರಲ್ಲಿ ನೋಡದೆ ನಾನು ಗಾಡಿ ತಗೊಳ್ಳಲ್ಲ ಯಜಮಾನ್ರೇ” ಎಂದರು. ಅಪ್ಪ ಠೀವಿಯಿಂದ ಹಿಂದೆ ಹತ್ತಿ ಕೂತರು. ನಾನು ಮುಂದೆ. ಏಳನೇ ತಿರುವು ಬಂತು. ಅದೇ ಕರಿಹೊಗೆ, ಅದೇ ನಡಿಗೆ. ಲಾರಿಯವರು ಪಕ್ಕಕ್ಕೆ ನಿಲ್ಲಿಸಿ, ಕರವಸ್ತ್ರದಿಂದ ಕತ್ತು ಒರೆಸಿಕೊಂಡು, “ನಿಮ್ಮ ಗಾಡಿಗೆ ದಮ್ಮು ಯಜಮಾನ್ರೇ. ಮೊದಲು ಔಷಧಿ ಕೊಡಿಸಿ, ಆಮೇಲೆ ಮಾರಿ” ಎಂದರು. ಮೂವತ್ತು ವರ್ಷ ಲಾರಿ ಓಡಿಸಿದ ಪಾದದ ಮೇಲೆ ಯಾರು ತಾನೇ ತಪ್ಪು ಹೊರಿಸಿಯಾರು? ಇಳಿದು ಮನೆ ಸೇರುವವರೆಗೆ ಅಪ್ಪ ಕಿಟಕಿಯಾಚೆಯೇ ನೋಡುತ್ತಿದ್ದರು. ಬಾಗಿಲು ನಾನು ಹೊರಗಿನಿಂದ ತೆರೆದಾಗಲೂ ಸ್ವಲ್ಪ ಹೊತ್ತು ಕೂತೇ ಇದ್ದರು.

ಗಾಡಿಯನ್ನು ‘ಒಂದ್ನಿಮಿಷ’ದ ಗ್ಯಾರೇಜಿಗೆ ಒಯ್ದೆ. ಹೊಸ ಪಾತ್ರ, ಪರಿಚಯಿಸುತ್ತೇನೆ. ಬಡಕಲು ಮೆಕ್ಯಾನಿಕ್ಕು, ಐವತ್ತೈದರ ಪ್ರಾಯ. ಏನು ಕೇಳಿದರೂ “ಒಂದ್ನಿಮಿಷ” ಎಂದು ಮುಕ್ಕಾಲು ಗಂಟೆ ಮಾಯವಾಗುವುದರಿಂದ ಆ ಬಿರುದು. ಗೋಡೆಯ ಮೇಲೆ ಪ್ರತಿ ಸ್ಪಾನರಿನ ಆಕಾರವನ್ನೂ ಬಣ್ಣದಲ್ಲಿ ಬರೆದಿಟ್ಟಿದ್ದಾನೆ. ಯಾವುದು ತನ್ನ ನೆರಳಿನ ಮೇಲಿಲ್ಲವೋ ಅದು ಕಳೆದಿದೆ ಎಂದರ್ಥ. ಬಂದವರು ಕೂರುವುದಕ್ಕೆ ಯಾವುದೋ ಕಾರಿನಿಂದ ಕಿತ್ತ ಸೀಟು. ಅದರಲ್ಲಿ ಕೂತು ನಾನು ಗಾಡಿಯ ಕಥೆಯನ್ನು ಕೈಕಾಲು ಸಮೇತ ಅಭಿನಯಿಸಿದೆ. ಆತ ಆಕಳಿಸಿದ. ಆಮೇಲೆ ಟರ್ಬೊ ಎಂದರೇನು ಎಂದು ನನಗೆ ಎರಡು ಮಾತಿನಲ್ಲಿ ಹೇಳಿದ: ಎಂಜಿನ್ನು ಉಗುಳುವ ಹೊಗೆಯಿಂದಲೇ ತಿರುಗುವ ಒಂದು ಪುಟ್ಟ ಗಾಳಿಚಕ್ರ, ಅದು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುರುಕುತ್ತದೆ, ಏರಿನಲ್ಲಿ ಆ ಗಾಳಿ ಸಾಲದಿದ್ದರೆ ಡೀಸೆಲ್ಲು ಸರಿಯಾಗಿ ಉರಿಯದೆ ಕರಿಹೊಗೆ. ಸ್ಕ್ಯಾನರ್ ಚುಚ್ಚಿ ನೋಡಿ, “ಕೇಳಿದಷ್ಟು ಗಾಳಿ ಬರ್ತಿಲ್ಲ ಅಂತಿದೆ. ಯಾಕೆ ಅಂತ ಇದಕ್ಕೂ ಗೊತ್ತಿಲ್ಲ” ಎಂದ. ಟರ್ಬೊನೇ ಬದಲಿಸಬೇಕೇ ಎಂದೆ. “ಒಂದ್ನಿಮಿಷ. ಕೆಮ್ಮು ಬಂದ ತಕ್ಷಣ ಯಾರಾದ್ರೂ ಶ್ವಾಸಕೋಶ ಕೀಳ್ತಾರಾ?” ಎಂದ. ಆ ಮಾತನ್ನು ಆಸ್ಪತ್ರೆಯವಳಾದ ನೀನು ಮೆಚ್ಚುವೆ ಎಂದುಕೊಂಡೆ.

ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದ, ಸ್ವಚ್ಛ. ಟರ್ಬೊದ ಬಾಯಿಗೆ ಬೆರಳು ಹಾಕಿ ಚಕ್ರವನ್ನು ಅಲುಗಿಸಿದ, ಗಟ್ಟಿ. ದಪ್ಪ ಗಾಳಿಪೈಪುಗಳ ಜೋಡಣೆಗೆಲ್ಲ ಸೋಪಿನ ನೀರು ಚಿಮುಕಿಸಿ ನನ್ನನ್ನು ಆಕ್ಸಿಲರೇಟರ್ ಒತ್ತಲು ಹೇಳಿದ. ಒಂದು ಗುಳ್ಳೆಯೂ ಏಳಲಿಲ್ಲ. ಟರ್ಬೊದ ಪಕ್ಕದಲ್ಲಿ ಒಂದು ಸಣ್ಣ ಡಬ್ಬಿ, ಅದರಿಂದ ಹೊರಟ ಒಂದು ಕಡ್ಡಿ. ತೆಳ್ಳನೆಯ ಪೈಪಿನಿಂದ ಆ ಡಬ್ಬಿಯ ಗಾಳಿಯನ್ನು ಹೀರಿದರೆ ಕಡ್ಡಿ ಸರಿದು ಟರ್ಬೊ ಚುರುಕಾಗುತ್ತದೆ. ಕೈಪಂಪಿನಿಂದ ಹೀರಿ ನೋಡಿದ, ಕಡ್ಡಿ ವಿಧೇಯ ಸೇವಕನಂತೆ ಸರಿಯಿತು. ಎಲ್ಲವೂ ಸರಿ. ರೋಗಿಗೆ ಏನೂ ಆಗಿಲ್ಲ, ಉಸಿರು ಮಾತ್ರ ಇಲ್ಲ. ಆಗ ಆತ ಕೈ ಒರೆಸಿಕೊಳ್ಳುತ್ತ ಕೇಳಿದ, “ಇಲ್ಲಿಗೆ ಬರೋಕೆ ಎಷ್ಟು ಹೊತ್ತು ಓಡಿಸಿದ್ರಿ?” ಹತ್ತು ನಿಮಿಷ ಎಂದೆ. “ತೊಂದರೆ ಕೊಡೋದು ಯಾರು ಓಡಿಸಿದಾಗ?” ಅಕ್ಕ ಓಡಿಸಿದಾಗ ಎಂದೆ, ಎರಡು ವರ್ಷದ ಅಭ್ಯಾಸಬಲದಿಂದ. ಆತ ನನ್ನನ್ನು ಒಂದು ಕ್ಷಣ ನೋಡಿದ. “ಗಾಡಿಗೆ ಅಕ್ಕ ತಮ್ಮ ಗೊತ್ತಿರಲ್ಲ ಸ್ವಾಮಿ. ಬಿಸಿ, ತಣ್ಣಗೆ, ಇವೆರಡೇ ಗೊತ್ತಿರೋದು. ನಡೀರಿ ಬೆಟ್ಟಕ್ಕೆ.”

ಮುಂದಿನ ಗಾಜಿನ ಮೇಲೆ ಟರ್ಬೊದ ಗಾಳಿಯ ಒತ್ತಡ ತೋರಿಸುವ ಒಂದು ಗೇಜನ್ನು ಟೇಪಿನಿಂದ ಅಂಟಿಸಿ, ಅದರ ಪೈಪನ್ನು ಬಾನೆಟ್ಟಿನ ಕೆಳಗೆ ತೂರಿಸಿ ಹೊರಟೆವು. ಮೊದಲ ತಿರುವುಗಳಲ್ಲಿ ಮುಳ್ಳು ಒಂದರ ಗೆರೆಯನ್ನು ಮೀರಿ ಎದ್ದಿತು. ಐದರಲ್ಲಿ ಅಳುಕಿತು. ಏಳರಲ್ಲಿ ಸೊನ್ನೆಯ ಕಡೆಗೆ ಕುಸಿಯಿತು. ಎಂಜಿನ್ನು ಆರಿಸದೆ ಹಾಗೇ ನಿಲ್ಲಿಸಿ, ಆತ ಬಾನೆಟ್ ಎತ್ತಿ, ಬಗ್ಗಿ, “ಅಲ್ಲಿದೀಯಾ ನನ್ನಪ್ಪಾ” ಎಂದ. ಆ ತೆಳ್ಳನೆಯ ಪೈಪು ಎಂಜಿನ್ನಿನ ಕಾವಿಗೆ ಮೆತ್ತಗಾಗಿ, ಒಳಗಿನ ಹೀರುವಿಕೆಗೆ ಸೋತು, ಜಗಿದು ಬಿಟ್ಟ ಸ್ಟ್ರಾದ ಹಾಗೆ ಚಪ್ಪಟೆಯಾಗಿ ಅಂಟಿಕೊಂಡಿತ್ತು. ಹೀರಿದ್ದು ಡಬ್ಬಿಗೆ ತಲುಪದು, ಕಡ್ಡಿ ಸರಿಯದು, ಟರ್ಬೊ ಏಳದು. ತಣ್ಣಗಾದರೆ ಮತ್ತೆ ದುಂಡಗೆ, ಮತ್ತೆ ಬೆಣ್ಣೆ. ಹತ್ತು ನಿಮಿಷ ಓಡಿಸುವವನಿಗೆ ಅದು ಎಂದೂ ಕಾಣುವುದಿಲ್ಲ. ಇಡೀ ಬೆಟ್ಟ ಹತ್ತುವವಳಿಗೆ ದಿನವೂ ಕಾಣುತ್ತದೆ. ಆತ ಅದನ್ನು ಕಿತ್ತು ಬೆಳಕಿಗೆ ಹಿಡಿದು, “ಇದು ಗಾಡಿ ಪೈಪೇ ಅಲ್ಲ. ಒಳಗೆ ಏನೋ ಕೆಂಪು ಕಲೆ ಬೇರೆ” ಎಂದ. ನಾನು ರಸ್ತೆ ನೋಡಿದೆ.

ದಪ್ಪ ಗೋಡೆಯ ಸರಿಯಾದ ಪೈಪು ಹಾಕಿ ಎರಡು ಕ್ಲಿಪ್ಪು ಬಿಗಿದದ್ದು ಐದು ನಿಮಿಷದ ಕೆಲಸ. ನಿನ್ನೆ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಮತ್ತೆ ಹತ್ತಿದೆ. ಏಳನೇ ತಿರುವನ್ನು ಮೂರನೇ ಗೇರಿನಲ್ಲೇ ದಾಟಿತು. ಅಪ್ಪ ತಿರುವುಗಳನ್ನು ಎಣಿಸುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು. ಮೇಲೆ ತಲುಪಿದಾಗ ಆಸ್ಪತ್ರೆಯ ಗೇಟು ಕಂಡಿತು. ನಾವು ಗಾಡಿ ತಿರುಗಿಸಿಕೊಂಡು ಇಳಿದೆವು. “ಯಾವ ಮುಠ್ಠಾಳ ಹಾಕಿದ್ನೋ ಆ ಪೈಪನ್ನ” ಎಂದು ಅಪ್ಪ ದಾರಿಯಲ್ಲಿ ಎರಡು ಸಲ ಹೇಳಿದರು. ಎರಡು ಸಲವೂ ನಾನು ಹಾರನ್ ಹೊಡೆದೆ, ಎದುರಿಗೆ ಯಾರೂ ಇರಲಿಲ್ಲ.

ಹೇಳಬೇಕಾದದ್ದು ಇಷ್ಟು. ಕತ್ತಿಗೆ ಬಿಸಿನೀರಿನ ಶಾಖ ಕೊಡು. ಅಮ್ಮನ ಆಶೀರ್ವಾದವಿದೆ, ಸ್ವೆಟರ್ ಹಾಕಿಕೊಳ್ಳದೆ ಹೊರಗೆ ಹೋಗಬೇಡ ಎಂಬುದೂ ಅದರಲ್ಲೇ ಸೇರಿದೆ. ಪರದೆ ಬೀಳುತ್ತಿದೆ, ಕೈ ಮುಗಿಯುತ್ತೇನೆ.

ಇಂತಿ ನಿನ್ನ ತಮ್ಮ,
ಸಕಲ ಕೊಲೆಗಳ ರಕ್ತ ಸರಬರಾಜುದಾರ

ಮರೆತಿದ್ದೆ. ಅಲ್ಲ, ಮರೆತಿರಲಿಲ್ಲ. ಆ ಪೈಪು ಹಾಕಿದ ಮುಠ್ಠಾಳ ನಾನು. ಹಳೆಯದು ಬಿರಿದಿತ್ತು, ಅಂಗಡಿಗೆ ಹೋಗಲು ಸೋಮಾರಿತನ, ಕೈಗೆ ಸಿಕ್ಕಿದ್ದು ನಾಟಕದಲ್ಲಿ ಎದೆಯಿಂದ ರಕ್ತ ಚಿಮ್ಮಿಸುವ ಪ್ಲಾಸ್ಟಿಕ್ ನಳಿಕೆ. ಅದು ಬುದ್ಧಿಗೇಡಿತನ, ಕ್ಷಮಿಸಬಹುದು. ಇನ್ನೊಂದಿದೆ. ಆ ಸಂಜೆ ಏಳನೇ ತಿರುವಿನಲ್ಲಿ ಬಾನೆಟ್ ಎತ್ತಿದಾಗ ಅದು ಚಪ್ಪಟೆಯಾಗಿದ್ದದ್ದನ್ನು ನಾನು ನೋಡಿದ್ದೆ. ಹಿಂದೆ ಅಪ್ಪ ಗಡ್ಡದೊಳಗಿಂದ ನಿನ್ನನ್ನು ಬೈಯುತ್ತಿದ್ದರು. ಮುಚ್ಚಿಬಿಟ್ಟೆ. ಆ ವಾರವೇ ಹೊಸ ಪೈಪು ಹಾಕಿದ್ದರೆ ಯಾಕೆ ಎಂದು ಕೇಳುತ್ತಾರೆಂದು ಅದನ್ನೂ ಮಾಡಲಿಲ್ಲ. ಇವತ್ತು ಬೆಳಿಗ್ಗೆ ಅಪ್ಪ ಶೇವ್ ಮಾಡಿಕೊಳ್ಳುತ್ತಿದ್ದಾಗ ಹೇಳಿದೆ. “ಆವತ್ತೇ ನೋಡಿದ್ಯಾ?” ಎಂದಷ್ಟೇ ಕೇಳಿದರು. ನೋಡಿದ್ದೆ ಎಂದೆ. ಅರ್ಧ ಮುಖದ ನೊರೆ ಹಾಗೇ ಇಟ್ಟುಕೊಂಡು ಒಳಗೆ ಹೋಗಿ ಕೀ ತಂದು ನನ್ನ ಕೈಗೆ ಹಾಕಿದರು. ಅದು ಈ ಲಕೋಟೆಯಲ್ಲಿದೆ. ಪಕ್ಕದಲ್ಲಿರುವುದು ಆ ನಳಿಕೆ. ಮುಂದಿನ ಭಾನುವಾರ ಹನ್ನೊಂದಕ್ಕೆ ಇನ್ನೊಂದು ಕೀಯಿಂದ ಗಾಡಿ ಏರಿಸಿ ನಿನ್ನ ಕೋಣೆಯ ಮುಂದೆ ನಿಲ್ಲಿಸಿ ನಾನು ಬಸ್ಸಿನಲ್ಲಿ ಇಳಿಯುತ್ತೇನೆ. ನನ್ನ ಮುಖ ನೋಡಬೇಕಾಗಿಲ್ಲ. ಗಾಡಿ ನಿನ್ನದು. ಹಿಂದಿನ ಸೀಟಿನಲ್ಲಿ ಅಪ್ಪ ಇರುತ್ತಾರೆ. ಎಡಗಡೆಯೇ ಕೂರುತ್ತಾರಂತೆ. ಆ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ ಎಂದು ನಿನಗೆ ಗೊತ್ತು.